ಸರಿಯಾಗಿ ಕೇಳಿಸಿಕೊಂಡ ಮಾತು

ಆಯುಸ್ಸೆಲ್ಲ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದ ಮೇಡಂ, ನಿವೃತ್ತಿಯಾದ ಮೇಲೆ ಔಷಧಿ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ದಂಪತಿಗಳಿಗೆ ಆಪ್ತಸಲಹೆ ಕೊಡಲು ಕೂತರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ, ನಿನ್ನ ಹತ್ರ ಯಾರು ಬರ್ತಾರೆ?" ಎಂದು ಅವರ ಯಜಮಾನರು ನಕ್ಕಿದ್ದರು. ಉಂಡು ಮಲಗಿ ಎದ್ದರೂ ಮುಗಿಯದವರು ಮೆಟ್ಟಿಲು ಹತ್ತಿ ಬಂದರು.

ಕಲಿಸಿದ ಪಾಠಗಳಲ್ಲಿ ಮೇಡಂ ಜೀವದಂತೆ ನಂಬಿದ್ದು ಒಂದನ್ನು. ಒಬ್ಬರು ಹೇಳಬೇಕು; ಇನ್ನೊಬ್ಬರು ಅಡ್ಡಬಾಯಿ ಹಾಕದೆ ಕೇಳಿ, ಕೇಳಿದ್ದನ್ನೇ ತಿರುಗಿ ಹೇಳಬೇಕು. ಅರ್ಧಂಬರ್ಧ ಕೇಳಿಸಿಕೊಳ್ಳುವುದೇ ಎಲ್ಲ ಜಗಳದ ಬೇರು ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಲೇತ್ ಕೆಲಸದವನೊಬ್ಬ, ಬಟ್ಟೆ ಹೊಲಿಯುವ ಹೆಂಡತಿಯ ಜೊತೆ ಬರತೊಡಗಿದ. ಅವನ ಬಾಯಿಗೆ ಬೀಗ; ಅವಳದು ಅರಳು ಹುರಿದಂಥ ಮಾತು. ಆದರೆ ಅವಳು ಹಟ ಹಿಡಿದು ಕೇಳುವುದನ್ನು ಕಲಿತಳು. "ಮೆಷಿನ್ ತುಳೀತಾನೂ ಅಭ್ಯಾಸ ಮಾಡ್ತೀನಿ ಮೇಡಂ," ಎನ್ನುತ್ತಿದ್ದಳು.

ಒಂದು ಸಂಜೆ ಅವನು ಬಾಯಿಬಿಟ್ಟ.

"ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ನೀನು ತವರಿಗೆ ಹೋದಾಗ ಮಾತ್ರ, ಕೆಲಸ ಮುಗಿಸಿ ಬೇಗ ಮನೆಗೆ ಹೋಗ್ಬೇಕು ಅನ್ಸುತ್ತೆ."

ಅವಳು ಅಡ್ಡಬಾಯಿ ಹಾಕಲಿಲ್ಲ. ಸೂಜಿ ಚುಚ್ಚಿ ಒರಟಾದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ಹೇಳಿದಳು: "ನಿಮಗೆ ನನ್ನ ಮೇಲೆ ಸಿಟ್ಟಿಲ್ಲ. ನಾನಿಲ್ಲದ ಮನೆಗೆ ಬರೋದು ನಿಮಗಿಷ್ಟ. ಸರಿಯಾಗಿ ಕೇಳಿಸ್ಕೊಂಡ್ನಾ?"

"ಹೂಂ."

"ಕೇಳಿ ಏನನ್ನಿಸಿತು?" ಎಂದು ಈಗ ಮೇಡಂ ಅವಳನ್ನು ಕೇಳಬೇಕಿತ್ತು. ಪಾಠ ಹಾಗಿತ್ತು. ಅದರ ಬದಲು ನೀರಿನ ಲೋಟ ಅವಳ ಮುಂದೆ ಸರಿಸಿದರು.

ಮುಂದಿನ ತಿಂಗಳು ಅವಳೊಬ್ಬಳೇ ಬಂದಳು. ಅವನು ಕಾರ್ಖಾನೆಯ ಹತ್ತಿರವೇ ರೂಮು ಮಾಡಿದ್ದ.

"ನೀವು ಹೇಳ್ಕೊಟ್ಟಿದ್ರಲ್ಲಿ ತಪ್ಪಿಲ್ಲ ಮೇಡಂ. ಮುಂಚೆ ಕಚ್ಚಾಡ್ತಿದ್ವಲ್ಲ, ಒಳಗೆಲ್ಲೋ ಪ್ರೀತಿ ಇದೆ ಅಂದ್ಕೊಂಡಿದ್ದೆ. ಈಗ ಹಂಗೆ ಅಂದ್ಕೊಳ್ಳೋಕೂ ಆಗಲ್ಲ."

ಅವಳು ಹೋದ ಮೇಲೆ ಮೇಡಂ ಖಾಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ, ಕೋಣೆಗೆ ಬೀಗ ಹಾಕಿದರು. ಮನೆಗೆ ಬಂದು, ಯಾರು ಏನು ಎಂದು ಹೇಳದೆ, ಯಜಮಾನರ ಮುಂದೆ ಮನಸ್ಸು ತೋಡಿಕೊಂಡರು. ಪೇಪರ್ ಓದುತ್ತಿದ್ದ ಅವರು ತಮಾಷೆಗೆ ಅಂದರು:

"ನಾವೂ ಒಂದ್ಸಲ ಆ ಅಭ್ಯಾಸ ಮಾಡಿ ನೋಡೋಣ್ವೇನೇ? ಮೊದಲು ನಾನು ಹೇಳ್ತೀನಿ, ನೀನು..."

"ಬೇಡಾ ರೀ," ಎಂದುಬಿಟ್ಟರು ಮೇಡಂ.

ಯಜಮಾನರು ನಗಲಿಲ್ಲ. ಪೇಪರ್ ಮಡಿಸಿಟ್ಟು ಒಳಗೆ ಹೋದರು.