ಒಂಟಿ ಓಟದ ಫೆಸ್ಟಿ

ನಮ್ಮ ಕಾಲ್ಚೆಂಡಾಟದಲ್ಲಿ ಕೈಗೂ ಕೆಲಸವುಂಟು. ಚೆಂಡನ್ನು ಕೈಯಿಂದ ಕಾಲ ತುದಿಗೆ ಬಿಟ್ಟು, ಅಲ್ಲಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳುತ್ತ ಒಬ್ಬನೇ ಓಡುವ ವಿದ್ಯೆ ಈಗ ಐರ್ಲೆಂಡಿನ ಪ್ರತಿ ಪೋರನಿಗೂ ಬರುತ್ತದೆ. ಅದನ್ನು ಮೊದಲು ಮಾಡಿದವರು ಯಾರೆಂದು ಹೆಂಡದಂಗಡಿಗಳಲ್ಲಿ ಗಂಡಸರು ಮೇಜು ಗುದ್ದಿ ಜಗಳಾಡುತ್ತಾರೆ. ಆಡಲಿ, ಬೇರೆ ಕೆಲಸವೇನಿದೆ ಅವರಿಗೆ. ನಾನು ನೋಡಿದ್ದು ನನ್ನ ಪಕ್ಕದ ಮನೆಯ ಫೆಸ್ಟಿ ಟೋಲನ್ ಮಾಡಿದ್ದನ್ನು. ಅದರಿಂದ ಅವನ ಪಾಲಿಗೆ ಏನು ಬಂತು ಎಂಬುದಷ್ಟೇ ನನಗೆ ಗೊತ್ತು.

ಟೋಲನ್ ಮನೆಯಲ್ಲಿ ಅಣ್ಣತಮ್ಮಂದಿರು ಇಬ್ಬರೇ. ತಂದೆತಾಯಿ ಬೇಗ ಹೋದರು, ಹೆಣ್ಣು ದಿಕ್ಕು ಇರಲಿಲ್ಲ. ದೊಡ್ಡವನು ಮೈಲ್ಸ್, ಊರ ತಂಡದ ನಾಯಕ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕೇ ಬರದಂಥ ಆಳು. ಮಾತು ಕಡಿಮೆ, ಹಟ ಜಾಸ್ತಿ. ಫೆಸ್ಟಿ ಕಡ್ಡಿಯಂಥವನು. ಅಣ್ಣ ಏನು ಮಾಡಿದರೂ ಅದೇ ಸರಿ ಎಂದು ಹಿಂದೆ ಹಿಂದೆ ತಿರುಗುತ್ತಿದ್ದ.

ಊರ ಮೈದಾನ ಜವುಗಿನ ಅಂಚಿನಲ್ಲಿತ್ತು. ಚೆಂಡು ಹಿಡಿದುಕೊಂಡು ಬಹಳ ದೂರ ಓಡುವಂತಿಲ್ಲ, ನೆಲಕ್ಕೆ ಪುಟಿಸಬೇಕು, ಅದು ನಿಯಮ. ಆದರೆ ಮೇಯೋ ಸೀಮೆಯ ಮಳೆ ಕುಡಿದ ನೆಲಕ್ಕೆ ಚೆಂಡು ಹಾಕಿದರೆ ಅದು ಕಾವಿಗೆ ಕೂತ ಕೋಳಿಯ ಹಾಗೆ ಅಲ್ಲೇ ಕೂತುಬಿಡುತ್ತಿತ್ತು. ಫೆಸ್ಟಿ ಬರಿಗಾಲಲ್ಲಿ ಜವುಗಿನ ದಾರಿಯುದ್ದಕ್ಕೂ ಹಳೆಯ ಚೆಂಡೊಂದನ್ನು ಕಾಲ ತುದಿಯಿಂದ ಚಿಮ್ಮಿಸುತ್ತ ಬರುವುದನ್ನು ನೋಡಿ, ನಿನಗೇನು ಹುಚ್ಚು ಹಿಡಿದಿದೆಯೇ ಎಂದು ಕೇಳಿದ್ದೆ.

"ನೆಲ ವಾಪಸ್ ಕೊಡಲ್ಲ ಡೀಲಿಯಾ, ನೋಡಿದೀಯಲ್ಲ. ನನ್ನ ಕಾಲು ಕೊಡುತ್ತೆ."

"ನಿಮ್ಮಣ್ಣ ನೋಡಿದ್ರೆ ಬೆನ್ನು ಮುರಿತಾನೆ."

"ಅವನಿಗೇ ಮೊದಲು ತೋರಿಸ್ತೀನಿ," ಎಂದು ನಕ್ಕ. ಆದರೆ ತೋರಿಸಲಿಲ್ಲ. ಧೈರ್ಯ ಸಾಲಲಿಲ್ಲವೋ, ಸಮಯ ಕೂಡಿ ಬರಲಿಲ್ಲವೋ.

ನಮ್ಮವರ ಆಟ ಹಿಡಿ, ಒದೆ, ಇಷ್ಟೇ. ಜವುಗಿನಲ್ಲಿ ಒಲೆಗೆ ಉರಿಸುವ ಮಣ್ಣಿನ ಹೆಂಟೆ ತೆಗೆಯುವಾಗ ಒಬ್ಬ ಕಡಿಯುತ್ತಾನೆ, ಒಬ್ಬ ಹಿಡಿಯುತ್ತಾನೆ, ಒಬ್ಬ ಒಣಗಲು ಹರವುತ್ತಾನೆ. ಮೈದಾನದಲ್ಲೂ ಅದೇ ಅಭ್ಯಾಸ. ಕೈಗೆ ಬಂದದ್ದನ್ನು ಮುಂದಿನವನಿಗೆ ಕೊಡದೆ ತಾನೇ ಇಟ್ಟುಕೊಳ್ಳುವವನಿಗೆ ಊರಿನಲ್ಲಿ ಒಳ್ಳೆಯ ಹೆಸರಿಲ್ಲ. ಅಂಥ ಊರಿನಲ್ಲಿ ಫೆಸ್ಟಿ ಒಂದು ಭಾನುವಾರ ಹಾಗೆ ಮಾಡಿದ.

ಪಕ್ಕದ ಕಾರೋಮೋರಿನವರ ಮೇಲೆ ಕೊನೆಯ ಪಂದ್ಯ. ಬೆಳಗಿನಿಂದ ಮಳೆ. ಮುಗಿಯಲು ಚೂರೇ ಸಮಯ, ನಾವು ಸ್ವಲ್ಪದರಲ್ಲಿ ಹಿಂದಿದ್ದೆವು, ಒಂದು ಗೋಲಾದರೆ ಗೆದ್ದಂತೆ. ನಮ್ಮ ಗೋಲಿನ ಬಳಿ ಚೆಂಡು ಹಿಡಿದ ಫೆಸ್ಟಿ ಹೊರಟ. ಕೈಯಿಂದ ಕಾಲಿಗೆ, ಕಾಲಿಂದ ಕೈಗೆ. ಕಾರೋಮೋರಿನವರು ಮೇಲೆ ಬೀಳುವುದನ್ನೇ ಮರೆತು ನಿಂತರು. ಆ ಕಡೆ ಗೋಲಿನ ಎದುರು ಮೈಲ್ಸ್ ಒಬ್ಬನೇ ನಿಂತಿದ್ದ, ಸುತ್ತ ಯಾರೂ ಇಲ್ಲ.

"ಕೊಡೋ! ಇಲ್ಲಿ ಕೊಡೋ ಫೆಸ್ಟಿ!" ಎಂದು ಅವನು ಕೂಗಿದ್ದು ಗೋಡೆಯಾಚೆ ನಿಂತಿದ್ದ ನಮಗೂ ಕೇಳಿಸಿತು. ಫೆಸ್ಟಿ ಕೊಡಲಿಲ್ಲ. ಅಣ್ಣನ ಪಕ್ಕದಲ್ಲೇ ಹಾದು ಹೋಗಿ ತಾನೇ ಗೋಲು ಹೊಡೆದ.

ರೆಫರಿ ಸೀಟಿ ಊದಿದ. ಪಾಪ, ಅವನಿಗೂ ತಾನು ನೋಡಿದ್ದೇನೆಂದು ತಿಳಿಯಲಿಲ್ಲ. "ಇದು ಯಾವ ಆಟವಪ್ಪಾ? ಚೆಂಡು ನಿನ್ನ ಬಿಟ್ಟು ಹೋಗಲೇ ಇಲ್ಲವಲ್ಲ!" ಎಂದು ಗೋಲನ್ನು ಅಳಿಸಿಹಾಕಿದ. ಸೋತೆವು.

ಬೈಯುವುದಕ್ಕೆ ರೆಫರಿ ಸಿಗಲಿಲ್ಲ, ಅವನು ಆಗಲೇ ಸೈಕಲ್ ಹತ್ತಿ ಹೋಗಿದ್ದ. ಸಿಕ್ಕವನು ಫೆಸ್ಟಿ. "ನನಗೆ ಕೊಟ್ಟಿದ್ರೆ ಗೆದ್ದಿರ್ತಿದ್ವಿ," ಎಂದ ಮೈಲ್ಸ್, ಊರೆಲ್ಲ ಕೇಳುವ ಹಾಗೆ. ತಮ್ಮನ ಬಗ್ಗೆ ಅವನಾಡಿದ ಮಾತು ಅದೊಂದೇ; ತಮ್ಮನ ಜೊತೆ ಅದೂ ಇಲ್ಲ. ಅಂದಿನಿಂದ ಮಾತು ಬಿಟ್ಟ.

ಊರಿನವರು ಬಿಡುತ್ತಾರೆಯೇ? ಒಂಟಿ ಫೆಸ್ಟಿ ಎಂದೇ ಹೆಸರಾಯಿತು. ಇಸ್ಪೀಟಿಗೆ ಕೂತರೆ, "ಏನಪ್ಪಾ, ಎಲೆ ನಮಗೂ ಕೊಡ್ತೀಯೋ, ಎಲ್ಲಾ ನೀನೇ ಆಡ್ಕೋತೀಯೋ?" ಮದುವೆಯಲ್ಲಿ ಕುಣಿಯಲು ಎದ್ದರೆ, "ಹುಡುಗಿ ಯಾಕೆ ಅವನಿಗೆ, ಒಬ್ಬನೇ ಕುಣೀತಾನೆ ಬಿಡ್ರೋ!" ಅವನೂ ನಗುತ್ತಿದ್ದ. ಆಮೇಲಾಮೇಲೆ ಇಸ್ಪೀಟಿಗೂ ಬರಲಿಲ್ಲ, ಮದುವೆಗಳಿಗೂ ಬರಲಿಲ್ಲ. ತಂಡಕ್ಕೆ ಯಾರೂ ಕರೆಯಲೂ ಇಲ್ಲ.

ಮನೆಯಲ್ಲಿ ಸೇಲರ್ ಎಂಬ ನಾಯಿ ಇತ್ತು, ಆಗಿನ್ನೂ ಮರಿ. ಅಣ್ಣತಮ್ಮಂದಿರ ಮಾತೆಲ್ಲ ಅದರ ಮೂಲಕ ನಡೆಯತೊಡಗಿತು. ನಮ್ಮ ಕಡೆ ಅಂಥ ಮನೆಗಳು ಬೇರೆಯೂ ಇದ್ದವು, ಆಶ್ಚರ್ಯಪಡುವಂಥದ್ದೇನಲ್ಲ.

"ಸೇಲರ್, ಒಲೆ ಹತ್ರ ಕೂತಿರೋ ದೊಡ್ಡ ಮನುಷ್ಯರಿಗೆ ಆಲೂಗಡ್ಡೆ ಬೆಂದಿದೆ ಅಂತ ಹೇಳು," ಎನ್ನುತ್ತಿದ್ದ ಫೆಸ್ಟಿ.

"ಸೇಲರ್, ಉಪ್ಪು ಹಾಕಿದಾನಾ ಕೇಳು," ಎನ್ನುತ್ತಿದ್ದ ಮೈಲ್ಸ್.

ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ಪಾದ್ರಿ ಬಂದು ಇಬ್ಬರಿಗೂ ಉಗಿದರು. "ಆಯ್ತು ಫಾದರ್," ಎಂದರು ಇಬ್ಬರೂ. ಅವರು ಬಾಗಿಲು ದಾಟಿದ ಮೇಲೆ ಫೆಸ್ಟಿ, "ಸೇಲರ್, ಫಾದರ್ ಹೇಳಿದ್ದು ಕೇಳಿಸ್ತಾ ಅಂತ ಕೇಳು," ಎಂದನಂತೆ. ಇದನ್ನು ಹೇಳಿ ಅವನೇ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಒಮ್ಮೆ ಜವುಗಿನಲ್ಲಿ ಹೆಂಟೆ ಒಟ್ಟುತ್ತಿದ್ದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ವೋ, ಅಷ್ಟು ಕೂಗಿದನಲ್ಲ ಅವನು. ಒಂದು ಸಲ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಫೆಸ್ಟಿ ಇನ್ನೆರಡು ಹೆಂಟೆ ಎತ್ತಿ ಒಟ್ಟಿದ. "ಅವನ ಭುಜ ಜಾರಿತ್ತು ಡೀಲಿಯಾ. ಬಲಗೈ ಸುಮ್ನೆ ನೇತಾಡ್ತಿತ್ತು. ಆಟದ ಮಧ್ಯದಲ್ಲೇ ಆಗಿತ್ತು, ಯಾರಿಗೂ ಹೇಳಿರ್ಲಿಲ್ಲ, ನಾಯಕ ನೋಡು. ನಾನು ಕೊಟ್ಟಿದ್ರೆ ಚೆಂಡು ಅವನ ಎದೆಗೆ ಬಡಿದು ಕೆಳಗೆ ಬೀಳ್ತಿತ್ತು. ಊರೆಲ್ಲಾ ನೋಡ್ತಿತ್ತು."

"ಇದನ್ನ ಹೇಳ್ಬಾರ್ದಿತ್ತೇನೋ, ಬಾಯಿಗೆ ಬೀಗ ಬಿದ್ದಿತ್ತಾ?"

"ನಾನು ಹೇಳೋದಲ್ಲ ಅದು. ಅವನು ಹೇಳ್ಬೇಕು. ಜನಕ್ಕೆ ಬೇಡ, ನನಗೆ ಒಂದ್ಸಲ ಹೇಳಿದ್ರೆ ಸಾಕು." ನಾನು ಯಾರಿಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡ.

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಚೆಂಡಾಟದ ಕೀರ್ತಿಯೂ ಬೇಡ, ಊರಿನ ಮರ್ಯಾದೆಯೂ ಬೇಡ. ಆ ಒಂದು ಮಾತಿಗಾಗಿ ಅವನು ಆ ನಾಯಿಯ ಆಯುಷ್ಯವಿಡೀ ಕಾದ. ಒಂದು ವಸಂತದಲ್ಲಿ ಮುದಿ ಸೇಲರ್ ಸತ್ತಿತು. ಬೇರೆ ನಾಯಿ ತರಲಿಲ್ಲ. ಆ ಮನೆಯಲ್ಲಿ ಆಮೇಲೆ ಕುದಿಯುವ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅದೇ ವರ್ಷ ಎದೆಗೆ ನೀರು ತುಂಬಿ ಫೆಸ್ಟಿ ಹಾಸಿಗೆ ಹಿಡಿದ. ಮೈಲ್ಸ್ ಮಾತಿಲ್ಲದೆಯೇ ಗಂಜಿ ಕಾಯಿಸಿ ಕುಡಿಸುತ್ತಿದ್ದ, ಮೈ ಒರೆಸುತ್ತಿದ್ದ, ಬೆನ್ನಿಗೆ ದಿಂಬು ಕೊಡುತ್ತಿದ್ದ. ಅಷ್ಟೆಲ್ಲ ಮಾಡುವ ಕೈಗೆ ನಾಲಗೆಯೊಂದು ಜೊತೆಯಾಗಬಾರದೆ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಮೈಲ್ಸ್ ನನ್ನ ಬಾಗಿಲಿಗೆ ಬಂದ. ಹಿಂದಿನ ದಿನ ಕಾಸಲ್‌ಬಾರ್ ಪೇಟೆಯಲ್ಲಿ ಜಿಲ್ಲೆಯ ಪಂದ್ಯ ನೋಡಿ ಬಂದಿದ್ದ. ಕಣ್ಣು ಕೆಂಪಾಗಿತ್ತು.

"ನಮ್ಮ ಜಿಲ್ಲೆ ಹುಡುಗನೊಬ್ಬ ಅದೇ ಮಾಡಿದ ಡೀಲಿಯಾ. ಕಾಲಿಂದ ಕೈಗೆ, ಕೈಯಿಂದ ಕಾಲಿಗೆ. ಜನ ಟೋಪಿ ಎಸೆದು ಕುಣಿದ್ರು. ರೆಫರಿ ಸೀಟಿ ಊದ್ಲೇ ಇಲ್ಲ." ಸ್ವಲ್ಪ ತಡೆದು, "ನೀನು ಬಂದು ಅವನಿಗೆ ಹೇಳು," ಎಂದ.

"ಸತ್ತ ನಾಯಿ ಕೆಲಸ ನನಗೆ ಕೊಡ್ತಿದೀಯಾ?" ಎಂದೆ. ಆದರೂ ಹೋದೆ. ಹಾಸಿಗೆಯ ಆ ಕಡೆ ಅವನು, ಈ ಕಡೆ ನಾನು. ಪಂದ್ಯದ ಸುದ್ದಿ ಹೇಳಿದೆ. ಫೆಸ್ಟಿಯ ಬತ್ತಿದ ಮುಖ ಅರಳಿತು.

"ಯಾವ ಕಾಲಲ್ಲಿ ಮಾಡಿದ ಕೇಳು ಡೀಲಿಯಾ."

"ಬಲಗಾಲು ಅಂತ ಹೇಳು," ಎಂದ ಮೈಲ್ಸ್.

"ಬೀಳಿಸ್ಲಿಲ್ವಂತಾ?"

"ಒಂದ್ಸಲವೂ ಇಲ್ಲ ಅಂತ ಹೇಳು."

ಫೆಸ್ಟಿ ಕಣ್ಣು ಮುಚ್ಚಿ ಉಸಿರು ಒಟ್ಟುಮಾಡಿಕೊಂಡ. "ಇನ್ನೇನಾದ್ರೂ ಹೇಳೋದಿದೆಯಾ ಕೇಳು."

ಮೈಲ್ಸ್ ತಮ್ಮನ ದಿಂಬನ್ನು ಸರಿಪಡಿಸಿದ. "ಇದೆ ಅಂತ ಹೇಳು. ನಾಳೆ ಹೇಳ್ತಾನಂತೆ ಅನ್ನು."

"ಈಗಲೇ ಹೇಳೋ ಕತ್ತೆ!" ಎಂದು ಕಿರುಚಿಬಿಟ್ಟೆ. "ಎದುರಿಗೇ ಇದಾನೆ, ಕಿವಿಯೂ ಕೇಳಿಸುತ್ತೆ!"

ಮೈಲ್ಸ್ ಬಕೆಟ್ ಎತ್ತಿಕೊಂಡು, ಹಸುವಿಗೆ ನೀರಿಡಬೇಕು ಎಂದು ಹೊರಟುಹೋದ. ಫೆಸ್ಟಿ ನನ್ನ ಕೈ ತಟ್ಟಿದ. "ಬಿಡು ಡೀಲಿಯಾ. ನಾಳೆ ಅಂದಿದಾನಲ್ಲ."

ಮರುದಿನ ಬೆಳಗಾಗುವಷ್ಟರಲ್ಲಿ ಫೆಸ್ಟಿ ಹೋಗಿಬಿಟ್ಟಿದ್ದ. ಹೆಣ ತೊಳೆಯಲು ನಾನು ಬಿಸಿನೀರು ಹಿಡಿದು ಒಳಗೆ ಹೋದಾಗ ಮೈಲ್ಸ್ ಹಾಸಿಗೆಯ ಪಕ್ಕ ಮೊಣಕಾಲೂರಿ ಮಾತಾಡುತ್ತಿದ್ದ. ನಡುವೆ ಯಾರನ್ನೂ ಇಟ್ಟುಕೊಳ್ಳದೆ, ನೇರವಾಗಿ ತಮ್ಮನ ಜೊತೆ.

"ನನ್ನ ಕೈ ಏಳ್ತಿರ್ಲಿಲ್ಲ ಫೆಸ್ಟಿ. ನೀನು ಕೊಟ್ಟಿದ್ರೂ ಹಿಡಿಯೋಕೆ ಆಗ್ತಿರ್ಲಿಲ್ಲ. ನಿನಗೆ ಗೊತ್ತಿತ್ತು. ನೀನು ನನ್ನ ಕೈ ನೋಡಿದ್ದನ್ನ ನಾನೂ ನೋಡಿದ್ದೆ ಕಣೋ. ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ಲಿಲ್ಲ." ಅದನ್ನೇ ಮತ್ತೆ ಮತ್ತೆ ಹೇಳಿದ. ನೀರು ತಣ್ಣಗಾಗುವವರೆಗೂ ನಾನು ಪಾತ್ರೆ ಹಿಡಿದೇ ನಿಂತಿದ್ದೆ.

ಕೊನೆಗೆ ತಿರುಗಿ ನನ್ನನ್ನು ನೋಡಿದ. ಆ ದೊಡ್ಡ ಮುಖ ಮಗುವಿನದಾಗಿತ್ತು. "ಡೀಲಿಯಾ, ಅವನಿಗೆ ಕೇಳಿಸಿರುತ್ತೆ ಅಲ್ವಾ?"

ಆ ಜಾಗದಲ್ಲಿ ಬೇರೆ ಯಾರಿದ್ದರೂ ಹೂಂ ಎನ್ನುತ್ತಿದ್ದರು. ಎಂಥ ಪಾಪಿಗೂ ಅಷ್ಟು ಕರುಣೆ ತೋರಿಸಬಹುದು. ನನಗೆ ಅವನ ಮೇಲೆ ಕನಿಕರವೂ ಇತ್ತು, ಆದರೆ ಫೆಸ್ಟಿ ಕಾದದ್ದನ್ನು ಪಕ್ಕದಲ್ಲೇ ನಿಂತು ನೋಡಿದವಳು ನಾನು.

"ಇಲ್ಲ ಮೈಲ್ಸ್," ಎಂದೆ. "ನಿನ್ನೆ ಹೇಳಿದ್ರೆ ಕೇಳಿಸ್ತಿತ್ತು."