ಎಡಗಡೆಯ ಸೀಟು

ಅಣ್ಣ ತೀರಿಕೊಂಡಾಗ ನಾನು ಅಳಲಿಲ್ಲ. ಮಣ್ಣು ಕೊಟ್ಟು ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಸೇಡಂನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಹುಡುಗರಿಗೆ ಮಸೂರ, ಅಯಸ್ಕಾಂತ ಎತ್ತಿಕೊಟ್ಟು ಮತ್ತೆ ಒಳಗಿಡುವ ನನ್ನ ಕೆಲಸವೂ ನಡೆದಿತ್ತು. ಬಂಧುಗಳಲ್ಲಿ ಒಬ್ಬರು ನನಗೆ ಕೇಳುವ ಹಾಗೆಯೇ, "ಕಲ್ಲು ಅದಾನ ನೋಡು ಇಂವಾ" ಎಂದರು. ಊರ ತುಂಬ ಕಲ್ಲು ಕೊಯ್ದು ಹೊಟ್ಟೆ ಹೊರೆಯುವ ಶಹಾಬಾದದಲ್ಲಿ ನಿಂತು ಹಾಗೆಂದರೆ ಅದು ಬೈಗುಳವೋ ಹೊಗಳಿಕೆಯೋ ಎಂದು ಯೋಚಿಸಿದೆನೇ ಹೊರತು ನೋವಾಗಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ಕೈ ಜೋಮು ಹಿಡಿದಿರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಅಣ್ಣನ ಮನೆ ಶಹಾಬಾದದಲ್ಲಿ. ಒಂದು ಕಾರ್ಖಾನೆಯ ಸಾಹೇಬರಿಗೆ ಕಾರು ಓಡಿಸುತ್ತಿದ್ದ. ಸಾಹೇಬರು ಬದಲಾದರು, ಕಾರು ಬದಲಾದವು, ಅಣ್ಣ ಮಾತ್ರ ಅವನೇ ಉಳಿದ. ವರ್ಗವಾಗಿ ಹೊರಟ ಸಾಹೇಬರೊಬ್ಬರು ಸಾಮಾನು ಕಟ್ಟುವಾಗ ಇನ್ನೂ ಬಿಚ್ಚದೇ ಇದ್ದ ಒಂದು ಡಬ್ಬಿಯನ್ನು ಅವನ ಕೈಗಿಟ್ಟರಂತೆ. ಒಳಗೆ, ಹಿಂದಿನ ಕಾಲದಲ್ಲಿ ರಾಜ ಮಹಾರಾಜರು ಕೂರುತ್ತಿದ್ದಂಥ ಉದ್ದ ಮೂತಿಯ ವಿದೇಶಿ ಕಾರಿನ ಪ್ಲಾಸ್ಟಿಕ್ ಮಾದರಿ. ಬಿಡಿಬಿಡಿ ಭಾಗಗಳನ್ನು ನಾವೇ ಕತ್ತರಿಸಿ, ಬಣ್ಣ ಹಚ್ಚಿ, ಅಂಟಿಸಿ ಕಾರು ಮಾಡಿಕೊಳ್ಳಬೇಕು. ಅಣ್ಣ ಅರ್ಧ ಜೋಡಿಸಿದ್ದ. ಒಂದು ಮಧ್ಯಾಹ್ನ ಉಂಡು ಎದ್ದವನು ಎದೆ ಹಿಡಿದುಕೊಂಡು ಕುಳಿತ. ಅಷ್ಟೇ.

ವರ್ಷದ ಪುಣ್ಯತಿಥಿ ಹತ್ತಿರ ಬಂದಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಆ ಡಬ್ಬಿಯನ್ನು ನನ್ನ ಮುಂದೆ ತಂದಿಟ್ಟರು. ನಮ್ಮಲ್ಲಿ ಆ ದಿನ, ಹೋದವರಿಗೆ ಇಷ್ಟವಾಗಿದ್ದನ್ನು ಫೋಟೊ ಮುಂದೆ ಎಡೆ ಇಡುತ್ತಾರೆ. ಹೋಳಿಗೆಯ ಪಕ್ಕ ಬೀಡಿ ಕಟ್ಟು ಇಟ್ಟದ್ದನ್ನೂ ನೋಡಿದ್ದೇನೆ.

"ಹೋಳಗಿ ನಾ ಮಾಡ್ತೀನಿ. ಗಾಡಿ ನೀ ಪೂರಾ ಮಾಡಿ ಕೊಡು ತಮ್ಮಾ. ಅವರ ಮುಂದ ಇಡಬೇಕಂತ ಭಾಳ ಅದ ನನಗ."

"ನನಗ ಇದೆಲ್ಲಾ ಎಲ್ಲಿ ಬರ್ತದ್ರಿ ವೈನಿ?"

"ನೀ ಓದಿದಾಂವ. ಒಳಗ ಕಾಗದ ಅದ. ನೋಡಿ ಮಾಡು."

ಕಾಗದ ನೋಡಿ ಮಾಡುವುದು ನನಗೆ ಬರುತ್ತದೆ. ನಿಜ ಹೇಳಬೇಕೆಂದರೆ ಬೇರೇನೂ ಅಷ್ಟಾಗಿ ಬರುವುದಿಲ್ಲ. ಸೇಡಂಗೆ ಹೊರಟು ರೈಲು ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ, ವಾಡಿಯಲ್ಲಿ ಇಳಿದು ಬದಲಾಯಿಸಿದೆ. ಚಿತ್ತಾಪುರದಲ್ಲಿ ಹತ್ತಿ ಎದುರಿಗೆ ಕುಳಿತ ಮುದುಕರೊಬ್ಬರು "ಮಿಠಾಯಿ ಏನ್ರೀ?" ಎಂದರು. "ಅಲ್ರಿ, ಕಾರು" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ಸೇಡಂನ ನನ್ನ ಮನೆಯ ಹಿಂದಿನ ಕಟ್ಟೆಗೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆಯೇ ಅಂಗಡಿ ಹರಡಿದೆ. ಅಷ್ಟು ಸಪಾಟಾದ ಮೇಜು ಕಾಲೇಜಿನಲ್ಲೂ ಇಲ್ಲ. ಭಾಗಗಳನ್ನು ಉಗುರು ಕತ್ತರಿಸುವ ಕಟರಿನಿಂದ ಬಿಡಿಸಿ, ಒರಟು ತುದಿಗಳನ್ನು ಪಾಲಿಶ್ ಕಾಗದಕ್ಕೆ ನೀರು ಹಚ್ಚಿ ತಿಕ್ಕುತ್ತಿದ್ದೆ. ಗಾಲಿ ಕೂತವು, ಬೆಳ್ಳಿ ಬಣ್ಣದ ಬಂಪರ್ ಕೂತಿತು. ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಯಾರದೋ ಕೈಗಳು ಕೆಲಸ ಮಾಡುವುದನ್ನು ನಾನು ಕೂತು ನೋಡಿದ ಹಾಗೆ.

ಅಣ್ಣನ ಕೆಲಸ ನೋಡಿ ತಲೆ ಚಚ್ಚಿಕೊಳ್ಳಬೇಕು. ಕಿರಾಣಿ ಅಂಗಡಿಯ ದಿಢೀರ್ ಅಂಟು ಬಳಸಿ, ಅದರ ಹೊಗೆಗೆ ಹಿಂದಿನ ಗಾಜೆಲ್ಲ ಬೆಳ್ಳಗಾಗಿತ್ತು. ಬಣ್ಣ ಒಣಗುವ ಮುಂಚೆ ಹಿಡಿದು, ಬಾನೆಟ್ಟಿನ ಕಪ್ಪಿನ ಮೇಲೆ ಅವನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಉಳಿದುಬಿಟ್ಟಿತ್ತು. ಅದನ್ನು ತಿಕ್ಕಿ ತೆಗೆದು ಬೇರೆ ಬಣ್ಣ ಕೊಟ್ಟೆ. ಚೆನ್ನಾಗಿ ಬಂತು.

ಎಲ್ಲಕ್ಕಿಂತ ದೊಡ್ಡ ತಪ್ಪು ಸ್ಟೇರಿಂಗಿನದು. ಕಾಗದದ ಚಿತ್ರದಲ್ಲಿ ಅದು ಎಡಗಡೆ ಇದೆ, ಆ ದೇಶದ ಕಾರುಗಳಲ್ಲಿ ಇರುವ ಹಾಗೆ. ಅಣ್ಣ ಬಲಗಡೆ ಕೂಡಿಸಿದ್ದ. ಕಾಯಿಸಿದ ದಬ್ಬಣದಿಂದ ಬಲಕ್ಕೆ ಹೊಸ ತೂತು ಕೊರೆದು, ಕಾಲಿನಿಂದ ಒತ್ತುವ ಬ್ರೇಕು, ಕ್ಲಚ್ಚುಗಳನ್ನೂ ಕಿತ್ತು ಆ ಕಡೆಗೇ ಅಂಟಿಸಿದ್ದ. ಬದುಕಿಡೀ ಬಲಗಡೆ ಕೂತು ಓಡಿಸಿದವನು, ಕಾಗದ ನೋಡುವ ಜಾಯಮಾನ ಬೇರೆ ಇಲ್ಲ, ಮತ್ತೇನು ಮಾಡಿಯಾನು ಎಂದುಕೊಂಡೆ. ಸ್ಟೇರಿಂಗ್, ಬ್ರೇಕು, ಕ್ಲಚ್ಚು ಎಲ್ಲ ಕಿತ್ತು ಅವುಗಳ ಜಾಗದಲ್ಲಿ ಎಡಕ್ಕೆ ಕೂಡಿಸಿದೆ, ಅವನು ಕೊರೆದ ತೂತು ಮುಚ್ಚಿದೆ. ಮುಂದಿನ ಎಡ ಸೀಟಿಗೆ ಹಸಿರು ಬಟ್ಟೆಯ ಚೂರೊಂದು ಅಂಟಿಕೊಂಡಿತ್ತು. ಬಣ್ಣ ಒರೆಸಿದ ಚಿಂದಿ ಇರಬೇಕೆಂದು ಕಿತ್ತು ಒಗೆದು, ಕಾಗದದಲ್ಲಿ ಹೇಳಿದಂತೆ ಕೆನೆಬಣ್ಣ ಹಚ್ಚಿದೆ.

ಪುಣ್ಯತಿಥಿಯ ಹಿಂದಿನ ರವಿವಾರ ಕಾರನ್ನು ಶಹಾಬಾದಕ್ಕೆ ಒಯ್ದೆ. ಮೇಲಿನ ಛತ್ತು, ಬಾಗಿಲುಗಳು ಕೊನೆಗೆ ಅಂಟಿಸುವಂಥವು. ಅಲ್ಲಿಯೇ ಕೂತು ಮುಗಿಸೋಣವೆಂದು ಅಂಟನ್ನೂ ಜೊತೆಗೆ ತಂದಿದ್ದೆ. ವೈನಿ ಕೈ ಒರೆಸಿಕೊಂಡು ಬಂದು, ಚಷ್ಮಾ ಹಾಕಿಕೊಂಡು, ಪಡಸಾಲೆಯ ನೆಲದ ಮೇಲೆ ಕುಳಿತು ಒಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಸ್ಟೇರಿಂಗ್ ಈ ಕಡಿ ಯಾಕ ಬಂತು ತಮ್ಮಾ?"

"ವಿದೇಶದ ಗಾಡಿ ಅಲ್ರಿ ವೈನಿ. ಅಲ್ಲಿ ಡ್ರೈವರ್ ಎಡಕ್ಕ ಕುಂದರ್ತಾನ. ಅಣ್ಣ ತಪ್ಪು ಮಾಡಿದ್ದ, ನಾ ಸುದ್ದ ಮಾಡೀನಿ."

"ತಪ್ಪಲ್ಲ. ಕಾಗದದಾಗ ಎಡಕ್ಕ ಅದ ಅಂತ ಅವರಿಗೂ ಗೊತ್ತಿತ್ತು." ವೈನಿ ತಲೆ ಎತ್ತಲಿಲ್ಲ. "ಮತ್ತ ನಾ ಎಲ್ಲಿ ಕುಂದರಲಿ?"

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು.

"ಇಷ್ಟು ವರ್ಷ ಗಾಡಿ ಹೊಡದರು. ಒಂದ ದಿನಾ ನನ್ನ ಬಾಜೂಕ ಕುಂದರಿಸಿಕೊಳ್ಳಲಿಲ್ಲ. ಸಾಹೇಬರ ಗಾಡಿ, ಮನಿ ಮಂದಿ ಕುಂದರಬಾರದು ಅಂತ ಅವರದೇ ಒಂದು ಹಟ. ಚಿಂಚೋಳಿಗಿ ತವರಮನಿಗಿ ಹೋಗಬೇಕಂದ್ರೂ ಬಸ್ಸಿಗಿ ಹತ್ತಿಸಿ, ತಾವು ಖಾಲಿ ಗಾಡಿ ತೊಗೊಂಡು ಹೋಗವರು. ಈ ಡಬ್ಬಿ ಬಂದ ದಿನ ಅಂದ್ರು, ಇದು ನಮ್ಮ ಸ್ವಂತದ ಗಾಡಿ, ಇದರಾಗ ಮುಂದಿನ ಸೀಟು ನಿಂದು ಅಂತ. ದಬ್ಬಣಲೆ ಬೆರಳ ಸುಟಗೊಂಡು ಸ್ಟೇರಿಂಗ್ ಆ ಕಡಿ ಸರಸಿದ್ರು."

ಎದ್ದು ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಹಳೆಯ ಹಸಿರು ಖಣದ ಕುಪ್ಪಸವೊಂದನ್ನು ತಂದು ನನ್ನ ಮುಂದೆ ಬಿಡಿಸಿದರು. ತೋಳಿನ ಅಂಚಿನಲ್ಲಿ, ಕಾರಿನ ಸೀಟಿನಷ್ಟು ಚೌಕ ಕತ್ತರಿಸಿದ ಜಾಗ ಖಾಲಿ ಇತ್ತು.

"ಮದಿವ್ಯಾಗಿಂದಿದು. ಕೇಳಲಾರದ ಕತ್ತರಿಸಿದ್ರು. ಭಾಳ ಜಗಳಾಡಿದ್ದೆ ಅವತ್ತು."

ಅಂಟು ಒಣಗಿ ಗಟ್ಟಿಯಾಗಿತ್ತು. ಸ್ಟೇರಿಂಗ್, ಬ್ರೇಕು, ಕ್ಲಚ್ಚು ಕೀಳಲು ಬ್ಲೇಡು ಹಾಕಿ ಒತ್ತಬೇಕಾಯಿತು. ದಬ್ಬಣವನ್ನು ವೈನಿಯೇ ಒಲೆಯ ಮೇಲೆ ಕಾಯಿಸಿ ತಂದರು. ನಾನೇ ಮುಚ್ಚಿದ ತೂತನ್ನು ಮತ್ತೆ ಕೊರೆದು ಎಲ್ಲವನ್ನೂ ಬಲಕ್ಕೆ ಕೂಡಿಸಿದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಪಡಸಾಲೆಯೆಲ್ಲ ತುಂಬಿತು. ಅವರು ಕುಪ್ಪಸದ ಅದೇ ಅಂಚಿನಿಂದ ಇನ್ನೊಂದು ಚೂರು ಕತ್ತರಿಸಿ ಕೊಟ್ಟರು, ಅಂಟಿಸಿದೆ. ಕೆಲಸ ಒರಟಾಗಿ ಬಂತು, ಥೇಟ್ ಅಣ್ಣನ ಕೆಲಸದ ಹಾಗೆ. ಆಗಲೂ ನನ್ನೊಳಗೆ ಏನೂ ಅಲ್ಲಾಡಲಿಲ್ಲ. ತಪ್ಪಾಯಿತು, ಸರಿಮಾಡಿದೆ, ಕೊನೆಯ ರೈಲು ಹಿಡಿಯಬೇಕು, ಇಷ್ಟೇ ತಲೆಯಲ್ಲಿದ್ದದ್ದು.

ಛತ್ತು ಕೂಡಿಸಿದೆ. ಬಲಗಡೆಯ ಬಾಗಿಲು ಅಂಟಿಸಿದೆ. ಎಡಗಡೆಯದಕ್ಕೆ ಅಂಟು ಹಚ್ಚಲು ಎತ್ತಿಕೊಂಡಾಗ ವೈನಿ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ಮುಚ್ಚಬ್ಯಾಡ ತಮ್ಮಾ. ತಗದೇ ಇರಲಿ. ನಾ ಇನ್ನಾ ಹತ್ತಬೇಕಲ್ಲ."

ಆಗ ನನಗೆ ಬಾನೆಟ್ಟಿನ ಮೇಲಿದ್ದ ಹೆಬ್ಬೆರಳಿನ ಗುರುತು ನೆನಪಾಯಿತು. ಸೇಡಂನ ಕಟ್ಟೆಯ ಮೇಲೆ ಕೂತು, ನೀರು ಹಚ್ಚಿ, ನನ್ನ ಕೈಯಾರೆ ತಿಕ್ಕಿ ತೆಗೆದಿದ್ದೆ. ಚೆನ್ನಾಗಿ ಬಂತು ಎಂದುಕೊಂಡಿದ್ದೆ. ಅಲ್ಲಿಯೇ ನೆಲದ ಮೇಲೆ ಕೂತು, ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ, ಅಣ್ಣನಿಗಾಗಿ ಅತ್ತೆ. ಸಣ್ಣ ಹುಡುಗರ ಹಾಗೆ ಸದ್ದು ಮಾಡಿ ಅತ್ತೆ. ವೈನಿ ಕುಪ್ಪಸವನ್ನು ಮಡಚುತ್ತ ಪಕ್ಕದಲ್ಲಿ ಕುಳಿತಿದ್ದರು.

ಪುಣ್ಯತಿಥಿಯ ದಿನ ಫೋಟೊ ಮುಂದೆ, ಹೋಳಿಗೆಯ ತಾಟಿನ ಪಕ್ಕ ಕಾರು ಇತ್ತು. ಬಂದವರಲ್ಲಿ ಒಬ್ಬರು ಬಗ್ಗಿ ನೋಡಿ, "ಒಂದು ಬಾಗಲಾ ಹಚ್ಚೂದು ಉಳದದಲ್ಲ?" ಎಂದರು. ಇಲ್ಲ, ಮುಗಿದಿದೆ ಎಂದೆ.