ಮಣ್ಣು ತುಂಬಿದ ಬಳಚು

ಇವತ್ತು ಭಾನುವಾರ. ಹಂಡೆ ತಿಕ್ಕಿದೆ, ಒಂಬತ್ತನೇ ತರಗತಿಯ ಇಪ್ಪತ್ತು ಉತ್ತರಪತ್ರಿಕೆ ತಿದ್ದಿದೆ, ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಕಾಯಿ ತುರಿದಿಟ್ಟೆ. ಆಮೇಲೆ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ತೊಳೆಯಲು ಕೂತೆ. ಎರಡೆರಡು ಚಿಪ್ಪು ಹಿಡಿದು ಬಡಿಯುತ್ತಿದ್ದಾಗ ಒಂದರ ಸದ್ದು ಮಂಕಾಗಿ ಕೇಳಿತು. ಬಿಡಿಸಿದರೆ ಒಳಗೆ ಮಾಂಸವಿಲ್ಲ, ಬರೀ ಕೆಸರು. ಇಂಥದ್ದೊಂದು ಪಾತ್ರೆಗೆ ಬಿದ್ದರೆ ಇಡೀ ಅಡುಗೆ ಹಲ್ಲಿಗೆ ಕರಕರ. ಎಸೆಯಲು ಎತ್ತಿದ ಕೈ ಅಲ್ಲೇ ನಿಂತಿತು.

ಹೀಗೆ ಬಡಿದು ನೋಡುವುದನ್ನು ನನಗೆ ಕಲಿಸಿದವಳು ಅಘನಾಶಿನಿಯ ನಾಗಮ್ಮ. ಆಗ ವಾರಕ್ಕೆರಡು ಸಲ ಬುಟ್ಟಿ ಹೊತ್ತು ಕುಮಟೆಯ ನಮ್ಮ ಜಗಲಿಗೆ ಬರುತ್ತಿದ್ದಳು. ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಕಾಲಿನಿಂದಲೇ ಬಳಚು ಹುಡುಕುವವಳು. ಕಣ್ಣಿಗೆ ಏನೂ ಕಾಣದ ಆ ಕೆಸರಿನಲ್ಲಿ ಚಿಪ್ಪಿನ ಅಂಚು ಒಂದಿಷ್ಟು ತಾಗಿದರೆ ಸಾಕು, ಅವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಕಲ್ಲಿಗೂ ಬಳಚಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, "ಇಷ್ಟು ವರ್ಷ ಶಾಲೆಗೆ ಹೋದ್ರೂ ನಿಮ್ಮ ಕಾಲಿಗೆ ಬುದ್ಧಿ ಬರ್ಲಿಲ್ಲಲ್ರಾ ಅಕ್ಕೋರೆ!" ಎಂದು ನಕ್ಕಿದ್ದಳು. ವಿಜ್ಞಾನ ಕಲಿಸುವ ನಾನೂ ನಕ್ಕೆ.

ಕಲಿಸುವ ಚಟವೇ ಒಂದು ಸಲ ನನ್ನಿಂದ ತಪ್ಪು ಮಾಡಿಸಿತು. ನಾಗಮ್ಮನ ಮಗಳು ಮಾದೇವಿ ಆಗ ಐದು ತಿಂಗಳ ಬಸುರಿ. "ಧನುರ್ವಾಯು ಬರ್ದಂಗೆ ಸೂಜಿ ಚುಚ್ತ್ರಂತೆ. ಅದ್ರಲ್ಲಿ ಎಂತ ಇರ್ತದೆ?" ಎಂದು ನಾಗಮ್ಮ ಕೇಳಿದಳು. "ಅದೇ ರೋಗದ ವಿಷ" ಎಂದೆ ನಾನು, ಪಾಠದ ಹುಮ್ಮಸ್ಸಿನಲ್ಲಿ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಒಲೆ ಆರಿಸಿ ಬರುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಉಳಿದರ್ಧ ಮಾತು ನನ್ನಲ್ಲೇ ಉಳಿಯಿತು.

ಮುಂದಿನ ವಾರ ವಿಚಾರಿಸಿದೆ. "ಸೂಜಿ ಹಾಕ್ಸದೇ ಮಗಳನ್ನ ವಾಪಸ್ ಕರ್ಕಂಡು ಬಂದೆ" ಎಂದಳು. "ನನ್ನ ಚೊಚ್ಚಲ ಅದೇ ರೋಗದಾಗೆ ಎಂಟನೇ ದಿನಕ್ಕೆ ಹೋಯ್ತು ಅಕ್ಕೋರೆ. ಹಾಲು ಕೊಡೂಕೆ ಹೋದ್ರೆ ಬಾಯೇ ಬಿಡ್ಲಿಲ್ಲ. ಹೊಕ್ಕುಳ ಬಳ್ಳಿ ಕೊಯ್ದದ್ದು ನಂದೇ ಕತ್ತಿ, ನಂದೇ ಕೈ. ಈಗ ಮಗಳ ಮೈಗೂ ಅದೇ ವಿಷ ನಾನೇ ಹಾಕ್ಸೂದಾ?"

ನಾನು ಜಗಲಿಯ ಮೇಲೆ ಅವಳ ಎದುರು ಕೂತೆ. ಬುಟ್ಟಿಯಲ್ಲಿ ತಡಕಿ ಮಣ್ಣು ತುಂಬಿದ ಒಂದು ಬಳಚು ಹುಡುಕಿ, ಜೀವವಿದ್ದದ್ದರ ಪಕ್ಕ ಇಟ್ಟೆ.

ತರಗತಿಯಲ್ಲಾದರೆ ಹೀಗೆ ಹೇಳುತ್ತಿದ್ದೆ: ಆ ವಿಷ ಒಂದು ಪ್ರೋಟೀನು, ಮಡಚಿ ಗಂಟಾದ ಉದ್ದನೆಯ ಮಣಿಸರ. ತನ್ನ ಹೊರಮೈಯ ಒಂದು ಭಾಗದಿಂದ ಅದು ನರವನ್ನು ಹಿಡಿಯುತ್ತದೆ. ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳಿಗೆ ಎರಡೆರಡು ಕೈ. ಅವು ಇಡೀ ವಿಷವನ್ನು ನೋಡುವುದಿಲ್ಲ, ಹೊರಚಾಚಿದ ಕೆಲವೇ ಮಣಿಗಳನ್ನು ತಡವುತ್ತವೆ. ಉಬ್ಬಿಗೆ ತಗ್ಗು ಕೂಡಬೇಕು, ಧನ ವಿದ್ಯುದಂಶಕ್ಕೆ ಋಣ ವಿದ್ಯುದಂಶ ಒದಗಬೇಕು. ಒಂದೊಂದೇ ಹಿಡಿತ ಬಲು ದುರ್ಬಲ, ಹಲವು ಸೇರಿದರೆ ಸುಲಭಕ್ಕೆ ಬಿಡಿಸಲಾಗದು. ನರ ಹಿಡಿಯುವ ಜಾಗದ ಮೇಲೇ ಅವು ಕೂತುಬಿಟ್ಟರೆ ವಿಷಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ.

ನಾಗಮ್ಮನಿಗೆ ಹೇಳಿದ್ದು ಇಷ್ಟೇ: "ಸೂಜಿಯಲ್ಲಿರೋದು ಈ ಮಣ್ಣಿನ ಬಳಚು. ಅಂಚು ಅದೇ, ಒಳಗೆ ಜೀವ ಇಲ್ಲ. ವಿಷದ ಕಸುವು ಮೊದಲೇ ತೆಗೆದಿರ್ತಾರೆ. ಮೈ ಇದನ್ನ ತಡವಿ ಕಲೀತದೆ, ನಿನ್ನ ಕಾಲಿನ ಹಾಗೆ. ರಕ್ತದಲ್ಲಿ ಹಾಗೆ ಕಲಿತ ಕೈಗಳು ತಾಯಿಯಿಂದ ಹೊಟ್ಟೆಯಲ್ಲಿರೋ ಮಗುವಿಗೂ ಹೋಗ್ತವೆ."

ಅವಳು ಎರಡನ್ನೂ ನೆಲಕ್ಕಿಟ್ಟು, ಕಣ್ಣು ಮುಚ್ಚಿ ಕಾಲಿನ ಹೆಬ್ಬೆರಳಿನಿಂದ ಸವರಿದಳು. ತುಂಬ ಹೊತ್ತು ಸವರಿದಳು.

"ಆಗ ನಂಗೂ ಇದನ್ನ ಚುಚ್ಚಿದ್ರೆ ಅದು ಉಳೀತಿತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಹುಶಃ ಉಳೀತಿತ್ತು" ಎಂದೆ.

ಅವಳು ಅಳಲಿಲ್ಲ. ಸಿಂಬಿ ಸರಿಮಾಡಿಕೊಂಡು ಬುಟ್ಟಿ ಎತ್ತಿದಳು. "ಆತು. ನಾಳೆ ಕರ್ಕಂಡು ಹೋಗ್ತೆ."

ಮಾದೇವಿಗೆ ಹೆರಿಗೆಯಾದ ಮೇಲೆ ಎಂಟನೇ ದಿನದವರೆಗೂ ನಾನು ಫೋನಿನ ಹತ್ತಿರವೇ ಸುಳಿದಾಡಿದೆ. ಅವತ್ತು ಬೆಳಿಗ್ಗೆ ನಾಗಮ್ಮನ ದನಿ ಬಂತು: "ಹಾಲು ಕುಡೀತದೆ ಅಕ್ಕೋರೆ." ಅಷ್ಟೇ ಹೇಳಿ ಇಟ್ಟಳು.

ಇವತ್ತಿನ ಬಳಚು ತಂದದ್ದೂ ಅವಳೇ, ಬುಟ್ಟಿಯಲ್ಲಲ್ಲ, ಸಣ್ಣ ಚೀಲದಲ್ಲಿ. ಮೊಣಕಾಲು ನೋವಿನಿಂದಾಗಿ ಈಗ ನೀರಿಗಿಳಿಯುವುದಿಲ್ಲ. ಒಂದನೇ ತರಗತಿಗೆ ಸೇರಿದ ಮೊಮ್ಮಗಳು, ಮಾದೇವಿಯ ಅದೇ ಕೂಸು, ಜೊತೆಗಿದ್ದಳು. ನನ್ನ ಕೈಯಲ್ಲಿದ್ದ ಮಣ್ಣಿನ ಚಿಪ್ಪನ್ನು ನಾಗಮ್ಮ ನೋಡಿದಳು, ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಳಚಿನ ಪಲ್ಯ, ಕೋಕಂ ಕಡಿ ಉಂಡೆವು. ಮೊದಲು ನಿದ್ದೆ ಹೋದದ್ದು ಆ ಹುಡುಗಿ, ಚಾಪೆಯ ಮೇಲೆ ಬಾಯಿ ಅಗಲಕ್ಕೆ ತೆರೆದುಕೊಂಡು. ನಾಗಮ್ಮ ಮಲಗಲಿಲ್ಲ. ಗೋಡೆಗೊರಗಿ ಕೂತು, ತೆರೆದ ಆ ಬಾಯನ್ನೇ ನೋಡುತ್ತಿದ್ದಳು.